ಸಿಂಹಳದ ಕಾಡಿನಲ್ಲಿ ಹತ್ತು ದಿನ

ಲಂಕೆಗೆ ಹೋಗಿಬರುವೆವೆಂದು ಹೇಳಿದಾಗ ನೆರೆಹೊರೆಯವರೆಲ್ಲರೂ ಅಶೋಕವನವನ್ನು ತಪ್ಪದೆ ನೋಡಿಬರಬೇಕೆಂದು ಹೇಳಿದರು. ನಮ್ಮ ಗೃಹಿಣಿಯು ಮಾತ್ರ, “ಆ ವನವನ್ನು ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದಾಯಿತು. ಈಗ ಪ್ರಾಣಿಗಳಿರುವ ವನಗಳನ್ನು ನೋಡೋಣ” ಎಂದಳು. ಆಕೆ ಮಲೆನಾಡಿನಲ್ಲಿ ಹುಟ್ಟಿ ಬೆಳೆದವಳು. ನಾವು ಬಯಲುಸೀಮೆಯವರು; ಮೂವತ್ತೆರಡು ವರ್ಷ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿ ನಿವೃತ್ತರಾದವರು. ‘ದ್ವೀಪೀ’ ಎಂಬ ಶಬ್ದಕ್ಕೆ, ಮೈಮೇಲೆ ದ್ವೀಪಗಳಂತೆ ಮಚ್ಚೆಗಳುಳ್ಳ ಚಿರತೆಯೆಂದು ಪ್ರತಿ ವರ್ಷವೂ ಮಕ್ಕಳಿಗೆ ಅರ್ಥ ಹೇಳುತ್ತಿದ್ದೆವು. ಆದರೆ ಕಾಡಿನಲ್ಲಿ ಸ್ವೇಚ್ಛೆಯಾಗಿರುವ ಚಿರತೆಯನ್ನು ಒಮ್ಮೆಯೂ ಕಂಡಿರಲಿಲ್ಲ. ದ್ವೀಪದಲ್ಲಿಯೇ ದ್ವೀಪಿಯನ್ನು ಕಾಣಬೇಕೆಂಬುದು ನಮ್ಮ ಬಹುದಿನದ ಆಸೆಯಾಗಿದ್ದಿತು. ಅದಕ್ಕಾಗಿ ಕೂಡಿಟ್ಟಿದ್ದ ಹಣವನ್ನು ತೆಗೆದುಕೊಂಡು, ಆಗಸ್ಟ್ ತಿಂಗಳಲ್ಲಿ ನಾವಿಬ್ಬರೂ ಬೆಂಗಳೂರಿನಿಂದ ಕೊಲಂಬೊ ನಗರಕ್ಕೆ ವಿಮಾನದಲ್ಲಿ ಹೊರಟೆವು.

ಕೊಲಂಬೊದಲ್ಲಿ ನಮಗೆ ದೊರೆತ ಸಾರಥಿಯು ಸಿಂಹಳೀಯನಾದರೂ ತಮಿಳನ್ನು ಬಲ್ಲವನಾಗಿದ್ದನು. ನಮ್ಮನ್ನು ‘ಮಹತ್ತಯಾ’ ಎಂದೂ, ಗೃಹಿಣಿಯನ್ನು ‘ಅಮ್ಮಾ’ ಎಂದೂ ಕರೆಯುತ್ತಿದ್ದನು. ದಾರಿಯುದ್ದಕ್ಕೂ ಊರುಗಳ ಹೆಸರಿನ ಕೊನೆಯಲ್ಲಿ ‘ವೆವ’ ಎಂಬ ಶಬ್ದವನ್ನು ಕಂಡು ಅದರ ಅರ್ಥವನ್ನು ವಿಚಾರಿಸಲಾಗಿ, ಕೆರೆಯೆಂದು ತಿಳಿಯಬಂದಿತು. ನಮ್ಮ ಸಂಸ್ಕೃತದ ‘ವಾಪಿ’ಯೇ ಅಲ್ಲಿ ‘ವೆವ’ ಆಗಿದೆ. ಪರದೇಶದಲ್ಲಿ ಹಳೆಯ ಶಿಷ್ಯನೊಬ್ಬನು ಎದುರಾದಷ್ಟು ಸಂತೋಷವು ನಮಗುಂಟಾಯಿತು.

ಮೊದಲು ನಾವು ನೋಡಿದುದು ಅಂಥದೊಂದು ಕೆರೆಯನ್ನೇ. ದ್ವೀಪದ ಉತ್ತರ ಮಧ್ಯಭಾಗದಲ್ಲಿರುವ ಮಿನ್ನೇರಿಯ ಕೆರೆಯನ್ನು ಕ್ರಿ.ಶ. 3ನೆಯ ಶತಮಾನದ ಅಂತ್ಯಭಾಗದಲ್ಲಿ ಮಹಾಸೇನನೆಂಬ ಅರಸನು ಕಟ್ಟಿಸಿದನು. ಈತನು 16 ಕೆರೆಗಳನ್ನು ಕಟ್ಟಿಸಿದನೆಂದು ‘ಮಹಾವಂಸ’ವು ಹೇಳುತ್ತದೆ. ಅಲ್ಲಿಯ ಜನರು ಈ ಅರಸನನ್ನು ಮಿನ್ನೇರಿಯ ದೇವರೆಂದೇ ಪೂಜಿಸುವರು. ಕೆರೆಯ ಸುತ್ತಲ ಕಾಡು 1997ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬೇಸಿಗೆಯಲ್ಲಿ ಸುತ್ತಲಿನ ಸಣ್ಣ ನೀರ್ದಾಣಗಳೆಲ್ಲವೂ ಬತ್ತಿದ ಮೇಲೆ ಈ ಕೆರೆಯ ನೀರೂ ಇಳಿಯುತ್ತದೆ. ಇಳಿದ ನೆಲದಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಆ ಹುಲ್ಲಿಗಾಗಿಯೂ ನೀರಿಗಾಗಿಯೂ ದೂರದೂರದ ಕಾಡುಗಳಿಂದ ಆನೆಗಳು ಬಂದು ಸೇರುವುವು. ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಒಂದೇ ಕಡೆ ಇನ್ನೂರು ಮುನ್ನೂರು ಆನೆಗಳು ಕಾಣಿಸಿಕೊಂಡದ್ದುಂಟು. ನಮ್ಮ ಕಬಿನಿಯ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ನಾಗರಹೊಳೆ ಬಂಡೀಪುರಗಳ ಆನೆಗಳು ಸೇರುವುದನ್ನು ಕಂಡವರಿಗೆ ಇದು ಅಪರಿಚಿತವಾದ ನೋಟವಲ್ಲ.

ಸಂಜೆ ನಾಲ್ಕು ಗಂಟೆಯ ಹೊತ್ತಿಗೆ ಕಾಡಿನ ಅಂಚಿನಿಂದ ಆನೆಗಳು ಒಂದೊಂದೇ ಗುಂಪಾಗಿ ಬಯಲಿಗೆ ಇಳಿದುವು. ನಾವು 80ರವರೆಗೆ ಎಣಿಸಿ ಲೆಕ್ಕವನ್ನು ತಪ್ಪಿದೆವು. ಮರಿಗಳು ತಾಯಂದಿರ ಕಾಲುಗಳ ನಡುವೆ ಅಡಗಿ ನಡೆಯುತ್ತಿದ್ದುವು. ಸಿಂಹಳದ ಗಂಡಾನೆಗಳಲ್ಲಿ ನೂರಕ್ಕೆ ಸುಮಾರು 7ಕ್ಕೆ ಮಾತ್ರ ದಂತವಿರುವುದರಿಂದ, ಅಷ್ಟು ದೊಡ್ಡ ಸಮೂಹದಲ್ಲಿ ನಮಗೆ ಕಾಣಬಂದುದು ಒಂದೇ ಒಂದು ದಂತದಾನೆ. ಆದರೆ ಇಲ್ಲಿ ಒಂದು ಮಾತನ್ನು ಹೇಳಬೇಕು. ಈಚಿನ ವರ್ಷಗಳಲ್ಲಿ ಮೊರಗಹಕಂದ ಜಲಾಶಯದ ನೀರನ್ನು ಬೇಸಿಗೆಯಲ್ಲಿಯೂ ಈ ಕೆರೆಗೆ ತುಂಬುವುದರಿಂದ ಕೆಲವು ಸಲ ಹುಲ್ಲುಗಾವಲು ಮುಳುಗಿ, ಆನೆಗಳ ಈ ಕೂಟವು ಕಳೆಗುಂದಿದೆ. ಕೆರೆ ತುಂಬಿದರೆ ಸರ್ವರಿಗೂ ಸುಭಿಕ್ಷವೆಂದು ನಾವು ತಿಳಿದಿದ್ದೆವು. ಕೆರೆ ಬರಿದಾಗುವುದನ್ನೇ ಕಾಯುವ ಜೀವಿಗಳೂ ಇವೆಯೆಂಬುದನ್ನು ಅಂದು ಕಲಿತೆವು.

ಅಲ್ಲಿಂದ ದಕ್ಷಿಣಕ್ಕೆ ಇಳಿದು, ಚಿರತೆಗಳಿಗೆ ಹೆಸರಾದ ಒಂದು ಉದ್ಯಾನಕ್ಕೆ ಹೋದೆವು. ಮುಂದೆ ಹೇಳುವ ಸಂಗತಿಯು ಎಲ್ಲಿ ಬೇಕಾದರೂ ನಡೆಯಬಹುದಾದುದರಿಂದ ಆ ಉದ್ಯಾನದ ಹೆಸರು ಬೇಡ. ಸಿಂಹಳದಲ್ಲಿ ಹುಲಿಯಿಲ್ಲ, ‘ಸಿಂಹಳ’ವೆಂಬ ಹೆಸರಿದ್ದರೂ ಸಿಂಹವಿಲ್ಲ. ಆದುದರಿಂದ ‘ಕೊಟಿಯಾ’ ಎಂದು ಅವರು ಕರೆಯುವ ಚಿರತೆಯೇ ಅಲ್ಲಿಯ ಕಾಡಿಗೆ ಒಡೆಯ. ತನಗಿಂತ ಬಲಿಷ್ಠವಾದ ಮೃಗದ ಭಯವಿಲ್ಲದ ಕಾರಣ ಅದು ಹಗಲಿನಲ್ಲಿಯೂ ಬಯಲಿಗೆ ಬರುವುದುಂಟು.

ಬೆಳಗಿನ ಜಾವದಲ್ಲಿ ಬಾಡಿಗೆಯ ಜೀಪನ್ನೇರಿ ಒಳಹೊಕ್ಕೆವು. ಏಳು ಗಂಟೆಗೆ ಜೀಪಿನವನಿಗೆ ಯಾರಿಂದಲೋ ದೂರವಾಣಿಯಲ್ಲಿ ವರ್ತಮಾನ ಬಂದಿತು. ಒಡನೆಯೇ ಅವನು ವಾಹನವನ್ನು ಧೂಳೆಬ್ಬಿಸಿ ಓಡಿಸಿದನು. ಹೋಗಿ ನೋಡಲಾಗಿ ಇಪ್ಪತ್ತಕ್ಕೂ ಮೇಲ್ಪಟ್ಟ ಜೀಪುಗಳು ದಾರಿಯನ್ನು ಕಿಕ್ಕಿರಿದು ನಿಂತಿದ್ದುವು. ದಾರಿಯ ಎಡಕ್ಕೆ ಪೊದೆಗಳು, ಬಲಕ್ಕೆ ಸ್ವಲ್ಪ ದೂರದಲ್ಲಿ ಒಂದು ನೀರಿನ ಹೊಂಡ. ಎಡಗಡೆಯ ಪೊದೆಯ ಮರೆಯಲ್ಲಿ ಒಂದು ಕಿವಿಯೂ ಮಚ್ಚೆಯ ಹೆಗಲೂ ನಮಗೆ ಕಾಣಿಸಿದುವು. ಚಿರತೆಯು ದಾರಿಯ ಅಂಚಿಗೆ ಬಂದು, ಜೀಪುಗಳನ್ನು ಕಂಡು ಹಿಂದಿರುಗಿತು. ಮತ್ತೆ ಬಂದಿತು, ಮತ್ತೆ ಹಿಂದಿರುಗಿತು. ಜನರು ಎದ್ದು ನಿಂತು ಕೈಮಾಡಿ ತೋರಿಸುತ್ತಿದ್ದರು. ನಾವೂ ದುರ್ಬೀನನ್ನು ಕಣ್ಣಿಗೆ ಹಿಡಿದು ಮುಂದಕ್ಕೆ ಬಾಗಿದೆವು.

ಆಗ ಗೃಹಿಣಿಯು ನಮ್ಮ ತೋಳನ್ನು ಹಿಡಿದು, “ಅದಕ್ಕೆ ನೀರಿಗೆ ಹೋಗಬೇಕಾಗಿದೆ. ನಾವು ದಾರಿ ಕಟ್ಟಿದ್ದೇವೆ. ಹಿಂದಕ್ಕೆ ಹೋಗೋಣ, ಹೇಳಿ” ಎಂದಳು.

“ಒಂದು ಕ್ಷಣ ತಾಳು. ಮುಖವನ್ನಾದರೂ ನೋಡಿಬಿಡುತ್ತೇನೆ. ಮೂವತ್ತು ವರ್ಷದ ಆಸೆ” ಎಂದೆವು.

“ನಿಮ್ಮ ಮೂವತ್ತು ವರ್ಷದ ಆಸೆಗೆ ಅದು ಬಾಯಾರಿ ನಿಲ್ಲಬೇಕೆ?” ಎಂದು ಕೇಳಿದವಳೇ, ನಮ್ಮ ಉತ್ತರಕ್ಕೆ ಕಾಯದೆ ಜೀಪಿನವನಿಗೆ ಹಿಂದಕ್ಕೆ ಹೋಗುವಂತೆ ಕೈಸನ್ನೆ ಮಾಡಿದಳು. ಅವನು ನಮ್ಮ ಮುಖವನ್ನು ನೋಡಿದನು. ನಾವು ಸಿಟ್ಟಿನಿಂದ ಬೇರೆಡೆಗೆ ತಿರುಗಿದೆವು. ಜೀಪು ಹಿಂದೆ ಸರಿಯಿತು. ತೆರವಾದ ಜಾಗಕ್ಕೆ ಹಿಂದಿನಿಂದ ಮತ್ತೊಂದು ಜೀಪು ನುಗ್ಗಿತು.

ಅದನ್ನು ಕಂಡು ನಮ್ಮ ಸಿಟ್ಟು ಇಮ್ಮಡಿಯಾಯಿತು. ನಾವು ಬಿಟ್ಟುಕೊಟ್ಟುದರಿಂದ ಚಿರತೆಗೂ ಲಾಭವಾಗಲಿಲ್ಲ, ನಮಗೂ ಆಗಲಿಲ್ಲವೆಂದು ದಾರಿಯುದ್ದಕ್ಕೂ ವಾದಿಸಿದೆವು. ಇನ್ನೊಮ್ಮೆ ಇಷ್ಟು ದೂರ ಬರುವ ಹಣವಾಗಲಿ ಶಕ್ತಿಯಾಗಲಿ ನಮಗಿಲ್ಲವೆಂದೂ ಹೇಳಿದೆವು. ಆಕೆ ಬಹಳ ಹೊತ್ತಿನ ಮೇಲೆ, “ನಮ್ಮ ತೌರಿನಲ್ಲಿ ಕೊಟ್ಟಿಗೆಯ ಹಿಂದಿನ ದಾರಿಯಲ್ಲಿ ಚಿರತೆ ನೀರಿಗೆ ಹೋಗುತ್ತಿತ್ತು. ಅದು ತಿರುಗುವ ಹೊತ್ತಿನಲ್ಲಿ ನಮ್ಮ ಅಜ್ಜಿ ಯಾರನ್ನೂ ಆ ಕಡೆಗೆ ಬಿಡುತ್ತಿರಲಿಲ್ಲ. ಹೆದರಿಕೆಯಿಂದ ಮಾತ್ರವಲ್ಲ, ಅದು ಅದರ ಹೊತ್ತು ಎನ್ನುತ್ತಿದ್ದರು” ಎಂದಳು. ನಾವು ಉತ್ತರ ಕೊಡಲಿಲ್ಲ. ಅಂದು ರಾತ್ರಿ ಮೌನವಾಗಿಯೇ ಊಟವಾಯಿತು.

ಮರುದಿನ ಉಡವಲವೆಗೆ ಬಂದೆವು. ಅಲ್ಲಿಯ ಜಲಾಶಯದ ಬಳಿಯಲ್ಲಿ, ತಾಯಿಯನ್ನು ಕಳೆದುಕೊಂಡ ಆನೆಮರಿಗಳ ಆಶ್ರಯಸ್ಥಾನವೊಂದನ್ನು ವನ್ಯಜೀವಿ ಇಲಾಖೆಯವರು 1995ರಲ್ಲಿ ಸ್ಥಾಪಿಸಿದ್ದಾರೆ. ಸಿಂಹಳದಲ್ಲಿ ಆನೆಗಳಿಗೂ ರೈತರಿಗೂ ನಡೆಯುವ ಕಲಹವು ಘೋರವಾದುದು. 2011ರ ಗಣತಿಯಲ್ಲಿ ಅಲ್ಲಿದ್ದ ಕಾಡಾನೆಗಳು 5,879. 2019 ಒಂದೇ ವರ್ಷದಲ್ಲಿ 400ಕ್ಕೂ ಹೆಚ್ಚು ಆನೆಗಳೂ, 100ಕ್ಕೂ ಹೆಚ್ಚು ಜನರೂ ಮೃತಪಟ್ಟರು. ಗುಂಡೇಟು, ವಿದ್ಯುತ್ತಿನ ತಂತಿ, ಹಣ್ಣುಕಾಯಿಗಳೊಳಗೆ ಅಡಗಿಸಿದ ಸಿಡಿಮದ್ದು, ಹಾಳುಬಾವಿ, ಇವೆಲ್ಲವೂ ಅಲ್ಲಿ ಆನೆಗಳಿಗೆ ಮೃತ್ಯುದ್ವಾರಗಳು. ಒಂದು ರಾತ್ರಿಯಲ್ಲಿ ವರ್ಷದ ಬೆಳೆಯನ್ನು ಕಳೆದುಕೊಂಡ ರೈತನನ್ನೂ ನಾವು ಸುಲಭವಾಗಿ ದೂಷಿಸಲಾರೆವು. ಇಂತಹ ಸಾವುಗಳಿಂದ ಅನಾಥವಾದ ಮರಿಗಳೇ ಇಲ್ಲಿಗೆ ಬರುವುವು.

ಇಲ್ಲಿ ಮರಿಗಳಿಗೆ ಹಗಲೂ ರಾತ್ರಿಯೂ ಮೂರು ಗಂಟೆಗೊಮ್ಮೆ ಹಾಲು ಕೊಡುವರು. ನೋಡಲು ಬಂದವರು ದೂರದ ಅಟ್ಟಣೆಯ ಮೇಲೆ ಕುಳಿತುಕೊಳ್ಳಬೇಕು. ಮುಟ್ಟುವಂತಿಲ್ಲ, ತಿನಿಸನ್ನು ಕೊಡುವಂತಿಲ್ಲ. ಗೇಟು ತೆರೆದೊಡನೆ ಮರಿಗಳು ಸೊಂಡಿಲನ್ನು ಬೀಸುತ್ತ ಶಾಲೆ ಬಿಟ್ಟ ಮಕ್ಕಳಂತೆ ಓಡಿಬಂದುವು. ಪಾಲಕರು ಆಲಿಕೆಗೆ ಜೋಡಿಸಿದ ಕೊಳವೆಯಿಂದ ಹಾಲನ್ನು ಬಾಯಿಗೆ ಹೊಯ್ದರು. ಪಾಲು ಮುಗಿದ ಮರಿಯೊಂದು ಮತ್ತೆ ಸಾಲಿನಲ್ಲಿ ನುಸುಳಲು ನೋಡಿದಾಗ ಅದನ್ನು ಮೆಲ್ಲನೆ ಬೇರೆ ಕಡೆಗೆ ತಿರುಗಿಸಿದರು. ಮುದ್ದಿಸಲಿಲ್ಲ. ಹಾಲು ಮುಗಿದೊಡನೆ ಮರಿಗಳೆಲ್ಲವನ್ನೂ ಮೇಯಲು ಬಿಟ್ಟರು.

“ಇಷ್ಟು ಚಿಕ್ಕ ಮರಿಗಳನ್ನು ಯಾರೂ ಮುಟ್ಟಬಾರದೇಕೆ?” ಎಂದು ಕೇಳಿದೆವು. ನಮ್ಮ ಸಾರಥಿಯು, “ಮಹತ್ತಯಾ, ಮನುಷ್ಯರ ಪ್ರೀತಿ ಅಭ್ಯಾಸವಾದರೆ ಇವು ಮುಂದೆ ಊರಿಗೆ ಬರುತ್ತವೆ. ಊರಿಗೆ ಬಂದರೆ ಸಾಯುತ್ತವೆ” ಎಂದನು. ಸುಮಾರು ಐದು ವರ್ಷಕ್ಕೆ ಬೆಳೆದ ಮರಿಗಳನ್ನು ಜೊತೆಜೊತೆಯಾಗಿ ಕಾಡಿಗೆ ಬಿಡುವರು. ಹೀಗೆ ಬಿಟ್ಟವುಗಳ ಸಂಖ್ಯೆಯು ಈಗ 100ನ್ನು ಮೀರಿದೆ. ಅವುಗಳಲ್ಲಿ ಕೆಲವು ತಾವೇ ತಾಯಿಗಳಾಗಿವೆ.

ಅಟ್ಟಣೆಯ ಮೇಲೆ ಕುಳಿತು ನಾವು ಬಹಳ ಹೊತ್ತು ಯೋಚಿಸಿದೆವು. ಹಸಿದ ಮರಿಗೆ ಹಾಲು ಕೊಡುವವನೇ ಅದನ್ನು ತಬ್ಬಿಕೊಳ್ಳದೆ ಕೈಯನ್ನು ಹಿಂದೆಗೆದುಕೊಳ್ಳುವನು. ನಾವಾದರೋ ಏನನ್ನೂ ಕೊಡದವರು. ನೋಡುವ ಸುಖಕ್ಕಾಗಿ ಅದರ ನೀರಿನ ದಾರಿಯನ್ನೇ ಕಟ್ಟಿದವರು. ನಮ್ಮ ಜಾಗಕ್ಕೆ ಇನ್ನೊಂದು ಜೀಪು ನುಗ್ಗಿತೆಂಬ ವಾದವೂ ಆಗ ಹುರುಳಿಲ್ಲದ್ದಾಗಿ ತೋರಿತು. ತರಗತಿಯಲ್ಲಿ ಹುಡುಗನೊಬ್ಬನು, “ಉಳಿದವರೂ ಮಾಡಿದರು, ಸಾರ್” ಎಂದರೆ ನಾವು ಒಪ್ಪಿದ್ದೆವೆ? ಗೃಹಿಣಿಗೆ ಇಷ್ಟನ್ನೇ ಹೇಳಿದೆವು: “ನಿನ್ನೆ ನೀನು ಮಾಡಿದ್ದು ಸರಿ.” ಆಕೆ, “ಬಿಸಿಲು ಏರಿತು, ಟೋಪಿ ಹಾಕಿಕೊಳ್ಳಿ” ಎಂದಳು.

ಕೊನೆಯ ಎರಡು ದಿನಗಳನ್ನು ಸಿಂಹರಾಜವೆಂಬ ಮಳೆಕಾಡಿನಲ್ಲಿ ಕಳೆದೆವು. 1970ರ ದಶಕದಲ್ಲಿ ಪ್ಲೈವುಡ್ಡಿಗಾಗಿ ಯಂತ್ರಗಳಿಂದ ಇಲ್ಲಿಯ ಮರಗಳನ್ನು ಕಡಿಯತೊಡಗಿದ್ದರು. ಜನರ ಪ್ರತಿಭಟನೆಯಿಂದ 1977ರಲ್ಲಿ ಅದು ನಿಂತಿತು. 1988ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಸ್ಥಾನವೆಂದು ಅಂಗೀಕರಿಸಿತು. ಇಲ್ಲಿಯ ವೃಕ್ಷಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ದ್ವೀಪವನ್ನು ಬಿಟ್ಟು ಬೇರೆಲ್ಲಿಯೂ ಬೆಳೆಯುವುದಿಲ್ಲ. ಹೊಕ್ಕೊಡನೆ ನಮ್ಮನ್ನು ಸ್ವಾಗತಿಸಿದುವು ಉಂಬಳಗಳು. ನಾವು ಹೌಹಾರುತ್ತಿರಲು, ಗೃಹಿಣಿಯು ಸೆರಗಿನ ಗಂಟಿನಿಂದ ಸುಣ್ಣದ ಡಬ್ಬಿಯನ್ನು ತೆಗೆದಳು. ಮಲೆನಾಡಿನ ಆ ವಿದ್ಯೆಯು ಸಿಂಹಳದಲ್ಲಿಯೂ ಫಲಿಸಿತು.

ಇಲ್ಲಿ ಯಾವುದನ್ನೂ ಬೆನ್ನಟ್ಟಲಿಲ್ಲ. ಬಿದ್ದ ಮರದ ಮೇಲೆ ಕುಳಿತು ಕಾದೆವು. ಒಂದು ಗಂಟೆ ಕಾಲ ಎಲೆಯಿಂದ ಹನಿ ಬೀಳುವ ಸದ್ದು ಮಾತ್ರ. ಆಮೇಲೆ ದೂರದಲ್ಲಿ ಹರಟೆಮಲ್ಲಗಳ ಗದ್ದಲ ಕೇಳಿಸಿತು. ಸಿಂಹರಾಜದಲ್ಲಿ ಹಕ್ಕಿಗಳು ಜಾತಿಭೇದವಿಲ್ಲದೆ ಗುಂಪುಕಟ್ಟಿ ಆಹಾರವನ್ನು ಅರಸುವುವು. ಕಿತ್ತಳೆಬಣ್ಣದ ಕೊಕ್ಕಿನ ಹರಟೆಮಲ್ಲಗಳು ಎಲೆಗಳನ್ನು ಕೆದಕಿ ಹುಳುಗಳನ್ನೆಬ್ಬಿಸುತ್ತ ಮುಂದೆ ನಡೆದರೆ, ಜುಟ್ಟಿನ ಕಾಜಾಣವು ಕಾವಲುಗಾರನಂತೆ ಅಪಾಯವನ್ನು ಸಾರುವುದು. ಉಳಿದ ಹಕ್ಕಿಗಳು ಇವೆರಡನ್ನೂ ನಂಬಿ ಹಿಂಬಾಲಿಸುವುವು. ಆ ಮೆರವಣಿಗೆಯು ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಕಡೆಯಲ್ಲಿ ಕಡುನೀಲಿಯ ಮೈ, ಕಂದುಬಣ್ಣದ ತಲೆ, ಕೆಂಪು ಕೊಕ್ಕುಗಳುಳ್ಳ ಲಂಕೆಯ ನೀಲಿ ಹಕ್ಕಿಯೊಂದು ಹತ್ತು ಮಾರು ದೂರದ ಕೊಂಬೆಯ ಮೇಲೆ ಕುಳಿತು ನಮ್ಮನ್ನು ನೋಡಿತು. ದುರ್ಬೀನಿನ ಅಗತ್ಯವಿರಲಿಲ್ಲ.

ಹೋಗಬಯಸುವ ದಂಪತಿಗಳಿಗೆ ಎರಡು ಮಾತು. ಸಸ್ಯಾಹಾರಿಗಳಿಗೆ ಅನ್ನ, ಬೇಳೆಯ ‘ಪರಿಪ್ಪು’, ಒತ್ತುಶ್ಯಾವಿಗೆಗಳು ಎಲ್ಲೆಡೆಯೂ ದೊರೆಯುವುವು. ಆದರೆ ತೆಂಗಿನಕಾಯಿಯ ‘ಸಂಬೋಲ’ದಲ್ಲಿ ಒಣಮೀನಿನ ಪುಡಿಯನ್ನು ಬೆರೆಸುವುದುಂಟಾದ್ದರಿಂದ ಮೊದಲೇ ಹೇಳಬೇಕು. ಜೀಪಿನವನಿಗೂ ಹೊರಡುವ ಮುನ್ನವೇ, ಯಾವ ಪ್ರಾಣಿಯನ್ನೂ ಅಟ್ಟಬೇಡ, ಗುಂಪಿನಲ್ಲಿ ನುಗ್ಗಬೇಡ, ಅದಕ್ಕಾಗಿ ನಿನ್ನ ಇನಾಮು ಕಡಿಮೆಯಾಗದು ಎಂದು ತಿಳಿಸಬೇಕು. ಬಹುಮಟ್ಟಿಗೆ ಅವನು ಓಡುವುದು ನಮ್ಮ ಆತುರಕ್ಕಾಗಿಯೇ.

ಊರಿಗೆ ಮರಳಿದ ಮೇಲೆ ನೆರೆಯವರು ಬಂದು, “ಚಿರತೆಯನ್ನು ನೋಡಿದಿರಾ?” ಎಂದು ಕೇಳಿದರು. ನಾವು ಕಿವಿಯನ್ನೂ ಹೆಗಲನ್ನೂ ವರ್ಣಿಸಲು ಹವಣಿಸುತ್ತಿದ್ದೆವು. ಅಷ್ಟರಲ್ಲಿ ಒಳಗಿನಿಂದ ಕಾಫಿಯನ್ನು ತಂದಿಟ್ಟ ಗೃಹಿಣಿಯು, “ನೋಡಿದೆವು. ಆದರೆ ಅದು ನೀರು ಕುಡಿಯಿತೋ ಇಲ್ಲವೋ ತಿಳಿಯಲಿಲ್ಲ” ಎಂದಳು.