ಉದ್ಯಮ್ ಸರ್ಟಿಫಿಕೇಟ್ ಇದ್ದರೆ ಕಂಪನಿಯಾಯಿತೇ?

ಉಪ್ಪಾರಹಳ್ಳಿಯ ಮನೆಯೊಂದರಲ್ಲಿ ಚಟ್ನಿಪುಡಿ, ಸಾರಿನಪುಡಿ ಮಾಡಿ ತುಮಕೂರಿನ ಅಂಗಡಿಗಳಿಗೆ ಹಾಕುವವರಿದ್ದಾರೆ ಎಂದುಕೊಳ್ಳಿ. ವ್ಯಾಪಾರ ಸ್ವಲ್ಪ ಕುದುರಿದ ಕೂಡಲೇ ಗೊತ್ತಿದ್ದವರೆಲ್ಲ ಹೇಳುವುದು ಒಂದೇ: ‘ಒಂದು ಕಂಪನಿ ಮಾಡಿಸಿಬಿಡಿ.’ ಈ ಸಲಹೆಯ ಬೆನ್ನಿಗೇ ನಾಲ್ಕಾರು ತಪ್ಪು ತಿಳಿವಳಿಕೆಗಳೂ ಬರುತ್ತವೆ.

‘ಉದ್ಯಮ್ ಸರ್ಟಿಫಿಕೇಟ್ ಇದೆ, ಕಂಪನಿ ರಿಜಿಸ್ಟರ್ ಆಗಿದೆ’ ಎನ್ನುವುದು ಮೊದಲನೆಯದು. ಆಗಿಲ್ಲ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ನಿಮ್ಮದು ಸಣ್ಣ ಉದ್ದಿಮೆ ಎಂದು ಗುರುತಿಸುತ್ತದೆ, ಅಷ್ಟೇ. ಸರ್ಕಾರದ ತಾಣದಲ್ಲಿ ಅದು ಉಚಿತ, ಯಾರಿಗೂ ದುಡ್ಡು ಕೊಡಬೇಕಿಲ್ಲ. ಜಿಎಸ್‌ಟಿ ನಂಬರ್, ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ಆಹಾರ ಪದಾರ್ಥಕ್ಕೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಎಲ್ಲ ಇದ್ದರೂ ಕಾನೂನಿಗೆ ವ್ಯಾಪಾರವೂ ಮಾಲೀಕರೂ ಒಂದೇ. ಬೋರ್ಡಿನ ಮೇಲೆ ‘ಅಂಡ್ ಕಂಪನಿ’ ಎಂದು ಬರೆಸಿದರೂ ಅಷ್ಟೇ. 2013ರ ಕಂಪನಿ ಕಾಯ್ದೆಯಡಿ ನೋಂದಣಿಯಾದ ಮೇಲೆಯೇ ಕಂಪನಿ.

ಲಕ್ಷ ರೂಪಾಯಿ ಬಂಡವಾಳ, ಇಬ್ಬರು ಪಾಲುದಾರರು, ಬೆಂಗಳೂರಲ್ಲೊಂದು ಆಫೀಸು ಬೇಕೇ ಬೇಕು ಎಂಬುದೂ ಸುಳ್ಳು. ಲಕ್ಷದ ನಿಯಮ 2015ರ ತಿದ್ದುಪಡಿಯಲ್ಲೇ ಹೋಯಿತು. ಒಬ್ಬರೇ ನಾಮಿನಿ ಹೆಸರು ಕೊಟ್ಟು ಏಕವ್ಯಕ್ತಿ ಕಂಪನಿ ಮಾಡಬಹುದು. ವಿಳಾಸಕ್ಕೆ ಮನೆಯೇ ಸಾಕು. ಕರೆಂಟ್ ಬಿಲ್ಲು, ಮನೆ ಮಾಲೀಕರ ಒಪ್ಪಿಗೆ ಪತ್ರ ಇರಲಿ. ‘ಸ್ಪೈಸ್ ಪ್ಲಸ್’ ಎಂಬ ಆನ್‌ಲೈನ್ ಅರ್ಜಿಯಲ್ಲೇ ಪ್ಯಾನ್, ಟ್ಯಾನ್ ಸಿಗುತ್ತವೆ. ಅಧಿಕೃತ ಬಂಡವಾಳ 15 ಲಕ್ಷದೊಳಗಿದ್ದರೆ ಕೇಂದ್ರದ ನೋಂದಣಿ ಶುಲ್ಕವೂ ಇಲ್ಲ. ಸ್ಟ್ಯಾಂಪ್ ಡ್ಯೂಟಿ, ಡಿಜಿಟಲ್ ಸಹಿಯ ಖರ್ಚು ಬೇರೆ.

ಜನ ಹೆಚ್ಚು ಕೈಸುಟ್ಟುಕೊಳ್ಳುವುದು ‘ಕಂಪನಿಯಾದರೆ ತೆರಿಗೆ ಉಳಿಯುತ್ತದೆ’ ಎಂದು ನಂಬಿ. 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ವ್ಯಾಪಾರದ ಆದಾಯಕ್ಕೆ ವ್ಯಕ್ತಿ ತೆರಿಗೆ ಕಟ್ಟಬೇಕಿಲ್ಲ. ಕಂಪನಿಗೆ ಈ ವಿನಾಯಿತಿಯಿಲ್ಲ. ಮೊದಲ ರೂಪಾಯಿಯ ಲಾಭದಿಂದಲೇ ಹೆಚ್ಚುಕಡಿಮೆ ಕಾಲು ಭಾಗ ತೆರಿಗೆಗೆ ಹೋಗುತ್ತದೆ. ಮಾಲೀಕರು ಸಂಬಳ ತೆಗೆದುಕೊಂಡು ಲಾಭ ತಗ್ಗಿಸಬಹುದು, ನಿಜ. ಆದರೆ ಆಡಿಟರ್ ಫೀಸು ತಪ್ಪುವುದಿಲ್ಲ. ಒಂದು ಪೈಸೆ ವ್ಯಾಪಾರವಾಗದಿದ್ದರೂ ಲೆಕ್ಕಪತ್ರ, ವಾರ್ಷಿಕ ವಿವರ ಸಲ್ಲಿಸಲೇಬೇಕು. ತಡವಾದರೆ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿ. ಸತತ ಮೂರು ವರ್ಷ ಬಿಟ್ಟರೆ ನಿರ್ದೇಶಕರು 5 ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಕಡತದಿಂದಲೇ ಹೋಯಿತು.

‘ನಷ್ಟವಾದರೂ ಮನೆಗೆ ತೊಂದರೆಯಿಲ್ಲ’ ಎಂಬುದು ಅರ್ಧ ಸತ್ಯ. ಸರಕು ಕೊಟ್ಟವರ ಬಾಕಿಗೆ ಸಾಮಾನ್ಯವಾಗಿ ಕಂಪನಿಯ ಆಸ್ತಿಯೇ ಹೊಣೆ. ಆದರೆ ಬ್ಯಾಂಕು ಸಣ್ಣ ಕಂಪನಿಗೆ ಸಾಲ ಕೊಡುವಾಗ ನಿರ್ದೇಶಕರ ಷೂರಿಟಿ ಕೇಳುವುದು ರೂಢಿ. ಸಹಿ ಹಾಕಿದ ಮೇಲೆ ಮನೆಯೂ ಲೆಕ್ಕಕ್ಕೆ ಬಂತು.

ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲುದಾರರಾಗುವುದು ಇನ್ನೂ ಅಪಾಯ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವೇನಲ್ಲ, ಆದರೆ ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆಗೆ ಬಾಕಿ ವಸೂಲಿಗೆ ಹೊರಗಿನವರ ಮೇಲೆ ದಾವೆ ಹೂಡಲು ಬರುವುದಿಲ್ಲ.

ಕಂಪನಿಗೆ ಹೆಸರು ಸಿಕ್ಕ ಮಾತ್ರಕ್ಕೆ ಬ್ರ್ಯಾಂಡ್ ನಿಮ್ಮದಾಗದು. ಟ್ರೇಡ್‌ಮಾರ್ಕ್ ಬೇರೆಯೇ ಅರ್ಜಿ.

ನನ್ನನ್ನು ಕೇಳಿದರೆ, ಹೊರಗಿನವರು ಬಂಡವಾಳ ಹಾಕಲು ಮುಂದೆ ಬರುವವರೆಗೆ, ಇಲ್ಲವೇ ಬಾಕಿಯ ಮೊತ್ತ ನಿದ್ದೆಗೆಡಿಸುವಷ್ಟು ಬೆಳೆಯುವವರೆಗೆ, ಚಟ್ನಿಪುಡಿಯ ವ್ಯಾಪಾರಕ್ಕೆ ಕಂಪನಿ ಬೇಡ.