ಸಿ ಡ್ರೈವ್‌ನೊಳಗೊಂದು ಪುಟ್ಟ ಸರ್ವರ್

ಕಿತ್ತಳೆ ಬಣ್ಣದ ಐಕಾನ್ ಒತ್ತಿದರೆ ಚಿಕ್ಕದೊಂದು ಕಿಟಕಿ ತೆರೆದುಕೊಳ್ಳುತ್ತದೆ. ಅಪಾಚೆ, ಮೈಎಸ್‌ಕ್ಯುಎಲ್, ಫೈಲ್‌ಜಿಲ್ಲಾ ಎಂದು ಸಾಲಾಗಿ ಹೆಸರುಗಳು. ಒಂದೊಂದರ ಮುಂದೂ ‘ಸ್ಟಾರ್ಟ್’ ಬಟನ್. ಮೊದಲೆರಡನ್ನು ಒತ್ತಿ, ಹೆಸರು ಹಸಿರಾಯಿತೆಂದರೆ ಗೆದ್ದ ಹಾಗೆ. ಬ್ರೌಸರ್‌ನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಟೈಪಿಸಿದರೆ ಪುಟ ಬರುತ್ತದೆ. ಇಂಟರ್ನೆಟ್ ಕೇಬಲ್ ಕಿತ್ತಿಟ್ಟರೂ ಬರುತ್ತದೆ.

ಎಕ್ಸ್, ಎ, ಎಂ, ಪಿ, ಪಿ ಎಂಬ ಐದು ಅಕ್ಷರಗಳ ಈ ತಂತ್ರಾಂಶ ಕೆಲವರ ಬಾಯಲ್ಲಿ ‘ಝ್ಯಾಂಪ್’, ಕೆಲವರ ಬಾಯಲ್ಲಿ ‘ಎಕ್ಸಾಂಪ್’. 2015ರ ಸ್ಕೀಮ್‌ನಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಐದನೇ ಸೆಮಿಸ್ಟರ್‌ನ ಡೇಟಾಬೇಸ್ ನಿರ್ವಹಣೆಯ (ಡಿಬಿಎಂಎಸ್) ಲ್ಯಾಬ್‌ಗೆ ಮಿನಿ ಪ್ರಾಜೆಕ್ಟ್ ಸೇರಿಸಿತು. ಗ್ರಂಥಾಲಯ, ಹಾಸ್ಟೆಲ್, ರಕ್ತನಿಧಿ ಎಂದು ಏನಾದರೊಂದು ಲೆಕ್ಕವಿಡುವ ವೆಬ್‌ಸೈಟ್ ಕಟ್ಟಿ ತೋರಿಸಬೇಕಾದ ವಿದ್ಯಾರ್ಥಿಗೆ ಸುಲಭವಾಗಿ ಕೈಗೆ ಸಿಗುವುದು ಇದೇ.

ಈ ತಂತ್ರಾಂಶದ ಹುಟ್ಟುನಾಡು ಜರ್ಮನಿ. ಆಪರೇಟಿಂಗ್ ಸಿಸ್ಟಮ್ ಲಿನಕ್ಸ್, ವೆಬ್ ಸರ್ವರ್ ಅಪಾಚೆ, ಡೇಟಾಬೇಸ್ ಮೈಎಸ್‌ಕ್ಯುಎಲ್, ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಗಳ ಮೊದಲಕ್ಷರ ಕೂಡಿಸಿ ‘ಲ್ಯಾಂಪ್’ ಎಂಬ ಪದವನ್ನು 1998ರಲ್ಲಿ ಅಲ್ಲಿನ ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ಬಳಕೆಗೆ ತಂದವರು ಮೈಕೆಲ್ ಕುಂಟ್ಸೆ. ನಾಲ್ಕೂ ಪುಕ್ಕಟೆ. ಆದರೆ ಅವನ್ನು ಒಂದಕ್ಕೊಂದು ಜೋಡಿಸುವುದೇ ತಲೆನೋವು. ಅಪಾಚೆಯ ಕಾನ್ಫಿಗ್ ಫೈಲ್ ತಿದ್ದಿ ಪಿಎಚ್‌ಪಿಯನ್ನು ಪರಿಚಯಿಸಬೇಕು, ಪಿಎಚ್‌ಪಿಯ ಫೈಲ್ ತಿದ್ದಿ ಡೇಟಾಬೇಸ್ ತೋರಿಸಬೇಕು. ಎಲ್ಲೋ ಒಂದು ಸೆಮಿಕೋಲನ್ ಅಳಿಸಲು ಮರೆತರೆ ಖಾಲಿ ಬಿಳಿ ಪುಟ. ಒಂದು ಸಾಲು ಕೋಡ್ ಬರೆಯುವ ಮೊದಲೇ ಉತ್ಸಾಹ ಇಳಿದುಹೋಗುತ್ತಿತ್ತು.

ಕೈ ಸೀಡ್ಲರ್ ಮತ್ತು ಕೈ ಫೋಗೆಲ್‌ಗೆಸಾಂಗ್ 2002ರಲ್ಲಿ ‘ಅಪಾಚೆ ಫ್ರೆಂಡ್ಸ್’ ಕಟ್ಟಿಕೊಂಡು ಈ ಜೋಡಣೆಯನ್ನೆಲ್ಲ ತಾವೇ ಮಾಡಿ ಒಂದೇ ಕಟ್ಟಿನಲ್ಲಿ ಕೊಟ್ಟರು. ಯಾವ ಆಪರೇಟಿಂಗ್ ಸಿಸ್ಟಮ್ ಆದರೂ ಸೈ ಎಂಬುದಕ್ಕೆ ‘ಎಕ್ಸ್’. ಕೊನೆಯ ಎರಡು ‘ಪಿ’ಗಳು ಪಿಎಚ್‌ಪಿ ಮತ್ತು ಪರ್ಲ್. ನಡುವಿನ ‘ಎಂ’ ಮಾತ್ರ ಈಗ ಬೇರೆ. ಮೈಎಸ್‌ಕ್ಯುಎಲ್ ಕಂಪನಿಯನ್ನು 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಂಡಿತು, ಸನ್ 2010ರಲ್ಲಿ ಒರಾಕಲ್ ಪಾಲಾಯಿತು. ಅಷ್ಟರಲ್ಲಿ ಮೂಲ ಕರ್ತೃ ಮೋಂಟಿ ವಿಡೇನಿಯಸ್ ಅದೇ ಕೋಡ್‌ನಿಂದ ಮರಿಯಾಡಿಬಿ ಎಂಬ ಹೊಸ ಕವಲು ತೆಗೆದಿದ್ದರು. ‘ಮೈ’ ಅವರ ಒಬ್ಬ ಮಗಳ ಹೆಸರು, ‘ಮರಿಯಾ’ ಕಿರಿಯವಳದ್ದು. 2015ರಿಂದ ಕಟ್ಟಿನೊಳಗೆ ಇರುವುದು ಮರಿಯಾ. ಕಿಟಕಿಯ ಮೇಲೆ ಮಾತ್ರ ಅಕ್ಕನ ಹೆಸರೇ ಉಳಿದುಕೊಂಡಿದೆ.

ಇದರ ಮೇಲೆ ಕಲಿತದ್ದು ಲ್ಯಾಬಿನಾಚೆಗೂ ನಡೆಯುತ್ತದೆ. ವರ್ಡ್‌ಪ್ರೆಸ್‌ನ ಅಡಿಪಾಯ ಪಿಎಚ್‌ಪಿ ಮತ್ತು ಇದೇ ಬಗೆಯ ಡೇಟಾಬೇಸ್. ಕನ್ನಡ ವಿಕಿಪೀಡಿಯಾವನ್ನು ನಡೆಸುವ ಮೀಡಿಯಾವಿಕಿಯದ್ದೂ ಅದೇ ಜೋಡಿ.

ಹಾಗೆಂದು ಈ ಕಟ್ಟನ್ನು ಹಾಗೇ ಒಯ್ದು ಬೀದಿಗಿಡುವಂತಿಲ್ಲ. ಡೇಟಾಬೇಸ್‌ನ ಯಜಮಾನ ‘ರೂಟ್’ ಬಳಕೆದಾರನಿಗೆ ಪಾಸ್‌ವರ್ಡೇ ಇಲ್ಲ. ಕಲಿಯುವವರಿಗೆ ಎಲ್ಲೂ ತಡೆಯಾಗಬಾರದೆಂದು ಬೇಕೆಂದೇ ಬಾಗಿಲು ತೆರೆದಿಟ್ಟ ಮನೆಯಿದು. ಇದು ಅಭಿವೃದ್ಧಿಗೆ ಮಾತ್ರ, ಸಾರ್ವಜನಿಕ ಬಳಕೆಗಲ್ಲ ಎಂದು ತಯಾರಕರೇ ಹೇಳುತ್ತಾರೆ. ತಕರಾರುಗಳೂ ಇವೆ: ಅಪಾಚೆ ಬಳಸುವ 80ನೇ ಪೋರ್ಟನ್ನು ಇನ್ನೊಂದು ತಂತ್ರಾಂಶ ಮೊದಲೇ ಹಿಡಿದು ಕೂತಿದ್ದರೆ ಅಪಾಚೆ ಏಳುವುದಿಲ್ಲ, ಕೆಂಪಕ್ಷರದ ಸಾಲುಗಳು ಸುರಿಯುತ್ತವೆ.

ಕನ್ನಡದಲ್ಲಿ ಫಾರಂ ಮಾಡಹೊರಟವರಿಗೆ ಇನ್ನೊಂದು ಪಾಠ ಕಾದಿರುತ್ತದೆ. ಮೈಎಸ್‌ಕ್ಯುಎಲ್ ಹುಟ್ಟಿದ್ದು ಸ್ವೀಡನ್ನಿನ ಕಂಪನಿಯಲ್ಲಿ. ಹಾಗಾಗಿ ಅಕ್ಷರಗಳನ್ನು ಹೊಂದಿಸುವ ಅದರ ಹಳೆಯ ಡಿಫಾಲ್ಟ್ ಕ್ರಮ ‘ಲ್ಯಾಟಿನ್1 ಸ್ವೀಡಿಶ್’. ಅದನ್ನು ಬದಲಿಸದೆ ‘ಕನ್ನಡ’ ಎಂದು ಸೇವ್ ಮಾಡಿದರೆ, ತಿರುಗಿ ಬರುವುದು ಸಾಲು ಪ್ರಶ್ನಾರ್ಥಕ ಚಿಹ್ನೆ. 2018ರ ಮೈಎಸ್‌ಕ್ಯುಎಲ್ 8.0 ಡಿಫಾಲ್ಟನ್ನೇ ಕನ್ನಡಕ್ಕೂ ಒಗ್ಗುವ ‘ಯುಟಿಎಫ್8ಎಂಬಿ4’ಗೆ ಬದಲಿಸಿತು.

ಅದಾದ ಮೇಲೂ ಲೆಕ್ಕ ಬೇರೆಯೇ. ನಮ್ಮ ಕಣ್ಣಿಗೆ ‘ಕನ್ನಡ’ ಮೂರಕ್ಷರ. ಕಂಪ್ಯೂಟರ್‌ಗೆ ಕ, ನ, ಹಲಂತ ಚಿಹ್ನೆ (್), ನ, ಡ ಎಂದು ಐದು; ಒಂದೊಂದಕ್ಕೆ ಮೂರು ಬೈಟ್‌ನಂತೆ ಹದಿನೈದು. ಹೆಸರಿನ ಕಾಲಂಗೆ ಐದಕ್ಷರ ಸಾಕೆಂದು ಟೇಬಲ್ ಮಾಡಿದ ವಿದ್ಯಾರ್ಥಿ ‘ಕನ್ನಡ’ ಎಂದು ಹಾಕಿ ನೋಡುತ್ತಾನೆ, ಸರಿಯಾಗಿ ಕೂರುತ್ತದೆ. ಬರಿಯ ನಾಲ್ಕಕ್ಷರದ ‘ಕರ್ನಾಟಕ’ ಹಾಕಿದರೆ ಏಳಾಗಿ ಹಿಡಿಸುವುದಿಲ್ಲ. ಅವನು ಐದನ್ನು ಐವತ್ತು ಮಾಡಿ ಪುಟ ರಿಫ್ರೆಶ್ ಮಾಡುತ್ತಾನೆ. ಆ ತಪ್ಪು ಕಂಡಿದ್ದು ಅವನಿಗೆ, ಹೆಚ್ಚೆಂದರೆ ಪಕ್ಕದ ಕುರ್ಚಿಯ ಗೆಳೆಯನಿಗೆ.