ಕನ್ನಡ ಶಾಲೆಯ ಹುಡುಗನೂ ಇಂಜಿನಿಯರಿಂಗಿನ ಮೊದಲ ವರ್ಷವೂ

ಸಿ.ಇ.ಟಿ. ಫಲಿತಾಂಶ ಪ್ರಕಟವಾದ ದಿನದಿಂದ ಸೀಟು ಹಂಚಿಕೆ ಮುಗಿಯುವವರೆಗೆ ನಮ್ಮೂರು ತಿಳವಳ್ಳಿಯ ಚಹದಂಗಡಿಗಳಲ್ಲಿ ಒಂದು ಮಾತು ಸಿದ್ಧಾಂತದ ಗಾಂಭೀರ್ಯದಿಂದ ಪುನಃ ಪುನಃ ಕೇಳಿಬರುತ್ತದೆ: "ಕನ್ನಡ ಸಾಲ್ಯಾಗ ಓದಿದ ಹುಡುಗಗ ಇಂಜಿನಿಯರಿಂಗ್ ಯಾಕ್ರಿ? ಮೊದಲನೇ ವರ್ಷದಾಗ ಇಂಗ್ಲೀಷಿಗೆ ಬಿದ್ದು ವಾಪಸ್ ಬರ್ತಾನ." ಗೋವಿನಜೋಳದ ಧಾರಣೆಯ ವಿಷಯದಲ್ಲಿ ನಾಳೆಯದನ್ನು ನಿಶ್ಚಯಿಸಿ ಹೇಳಲು ಹಿಂಜರಿಯುವ ಹಿರಿಯರು, ಕಾಲೇಜಿನ ಹೊಸ್ತಿಲನ್ನು ಇನ್ನೂ ತುಳಿಯದ ಹುಡುಗನ ಸೋಲಿನ ವಿಷಯದಲ್ಲಿ ಮಾತ್ರ ಎಳ್ಳಷ್ಟೂ ಸಂದೇಹಕ್ಕೆಡೆಗೊಡದಿರುವುದು ನನಗೆ ಬಹುಕಾಲದಿಂದ ವಿನೋದವನ್ನೂ, ಈಚೀಚೆಗೆ ವಿನೋದಕ್ಕಿಂತ ಹೆಚ್ಚಾಗಿ ಬೇಸರವನ್ನೂ ಉಂಟುಮಾಡುತ್ತಿದೆ.

ಹತ್ತನೆಯ ತರಗತಿಯಿಂದ ಯಾವ ಹುಡುಗನೂ ಒಂದೇ ನೆಗೆತಕ್ಕೆ ಬಿ.ಇ. ತರಗತಿಯೊಳಗೆ ಬೀಳುವುದಿಲ್ಲ. ನಡುವೆ ಪಿ.ಯು.ಸಿ. ವಿಜ್ಞಾನದ ಎರಡು ವರ್ಷಗಳಿವೆ; ನಮ್ಮ ಕಡೆಯ ಕಾಲೇಜುಗಳಲ್ಲಿ ಆ ವಿಜ್ಞಾನದ ಪುಸ್ತಕಗಳೂ ಪಾರಿಭಾಷಿಕ ಪದಗಳೂ ಇಂಗ್ಲಿಷಿನವೇ ಆಗಿರುತ್ತವೆ. ಆ ಎರಡು ವರ್ಷಗಳನ್ನು ದಾಟಿ, ಪಿ.ಯು.ಸಿ. ಅಂಕಗಳನ್ನೂ ಸಿ.ಇ.ಟಿ. ಅಂಕಗಳನ್ನೂ ಸಮಭಾಗವಾಗಿ ಕೂಡಿಸಿ ನಿರ್ಣಯಿಸುವ ರ‍್ಯಾಂಕನ್ನು ಪಡೆದು ಬಂದವನನ್ನು ಇಂಗ್ಲಿಷ್ ಅರಿಯದವನೆಂದು ಕರೆಯುವುದು, ಅವನು ಮಾತನಾಡುವಾಗ ತಡವರಿಸುವುದನ್ನು ಓದಿ ಗ್ರಹಿಸಲಾರದಿರುವುದೆಂದು ತಪ್ಪಾಗಿ ಭಾವಿಸಿದುದರ ಫಲವಲ್ಲದೆ ಬೇರೆಯಲ್ಲ.

ಇನ್ನು ಮೊದಲ ವರ್ಷದಲ್ಲಿ ನಿಜವಾಗಿ ಎಡವಿಸುವ ವಿಷಯಗಳಾವುವೆಂಬುದನ್ನು ಹುಬ್ಬಳ್ಳಿಯಲ್ಲಾಗಲಿ ಹಾವೇರಿಯಲ್ಲಾಗಲಿ ಓದುತ್ತಿರುವ ಯಾವ ಹಿರಿಯ ವಿದ್ಯಾರ್ಥಿಯನ್ನಾದರೂ ಕೇಳಿ ನೋಡಬೇಕು. ಅವನ ಬಾಯಿಂದ ಮೊದಲು ಹೊರಡುವ ಶಬ್ದ ಗಣಿತವೆಂದೂ, ಅದರ ಹಿಂದೆಯೇ ಬರುವುದು ಇಂಜಿನಿಯರಿಂಗ್ ಡ್ರಾಯಿಂಗ್ ಎಂದೂ ನಾನು ಧೈರ್ಯದಿಂದ ಹೇಳಬಲ್ಲೆ. ವಕ್ರರೇಖೆಯ ವಕ್ರತಾತ್ರಿಜ್ಯವನ್ನು ಕಂಡುಹಿಡಿಯುವುದಕ್ಕೂ, ಅವಕಲ ಸಮೀಕರಣವನ್ನು ಬಿಡಿಸುವುದಕ್ಕೂ, ಓರೆಯಾಗಿ ನಿಂತ ಷಟ್ಕೋನ ಪಿರಮಿಡ್ಡಿನ ಮೇಲ್ನೋಟ ಮುಂದಣ ನೋಟಗಳನ್ನು ಕಲ್ಪಿಸಿ ಬರೆಯುವುದಕ್ಕೂ ಬೇಕಾದ ಇಂಗ್ಲಿಷಾದರೂ ಎಷ್ಟು? ಫೈಂಡ್, ಸಾಲ್ವ್, ಡಿರೈವ್, ಡ್ರಾ ಎಂಬ ಬೆರಳೆಣಿಕೆಯ ಆಜ್ಞೆಗಳು. ಇಂಗ್ಲಿಷೇ ಶತ್ರುವಾಗಿದ್ದರೆ, ಭಾಷೆಯ ಅಂಶ ಅತ್ಯಲ್ಪವಾಗಿರುವ ಈ ವಿಷಯಗಳಲ್ಲೇ 'ಬ್ಯಾಕ್' ಉಳಿಯುವುದೇಕೆ, ಮತ್ತು ಕಾನ್ವೆಂಟಿನಲ್ಲಿ ಓದಿ ನಿರರ್ಗಳವಾಗಿ ಮಾತನಾಡುವ ಹುಡುಗನೂ ಅದೇ ಪ್ರಶ್ನೆಪತ್ರಿಕೆಯ ಮುಂದೆ ಬೆವರುವುದೇಕೆ, ಎಂಬ ಪ್ರಶ್ನೆಗೆ ಚಹದಂಗಡಿಯ ಸಿದ್ಧಾಂತದಲ್ಲಿ ಉತ್ತರವಿಲ್ಲ.

ಉತ್ತರವಿರುವುದು ಪರೀಕ್ಷೆಯ ರಚನೆಯಲ್ಲಿ. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಪ್ರತಿ ವಿಷಯದ 100 ಅಂಕಗಳಲ್ಲಿ 50 ಅಂಕಗಳು ಸೆಮಿಸ್ಟರಿನ ಉದ್ದಕ್ಕೂ ಕಾಲೇಜಿನೊಳಗೇ, 'ಇಂಟರ್ನಲ್ಸ್' ಎನ್ನುವ ಕಿರುಪರೀಕ್ಷೆ ಅಸೈನ್‌ಮೆಂಟುಗಳ ಮೂಲಕ ನಿರ್ಣಯವಾಗುತ್ತವೆ. ಅವುಗಳಲ್ಲಿ 20ನ್ನಾದರೂ ಗಳಿಸದವನಿಗೆ ಅಂತಿಮ ಪರೀಕ್ಷೆಯಲ್ಲಿ ಕೂರುವ ಅರ್ಹತೆಯೇ ಇಲ್ಲ. ಹಾಜರಿಯೂ ಶೇಕಡಾ 85ರಷ್ಟು ಬೇಕು. ಅಂತಿಮ ಪರೀಕ್ಷೆಯಲ್ಲಿಯೋ, ಐದು ಘಟಕಗಳ ಪೈಕಿ ಪ್ರತಿಯೊಂದರಿಂದಲೂ ಎರಡು ಪ್ರಶ್ನೆಗಳಿದ್ದು ಒಂದನ್ನು ಉತ್ತರಿಸಬೇಕಾದುದರಿಂದ, ಎರಡು ಪಾಠ ಬಿಟ್ಟು ಉಳಿದವನ್ನು ಓದಿ ಪಾರಾಗುವ ನಮ್ಮ ಹಳೆಯ ಕೌಶಲಕ್ಕೆ ತಕ್ಕ ಬೆಲೆ ತೆರಬೇಕಾಗುತ್ತದೆ. ಪಿ.ಯು.ಸಿ.ಯಲ್ಲಿ ವರ್ಷವಿಡೀ ಸಾವಕಾಶವಾಗಿದ್ದು ಸಂಕ್ರಾಂತಿಯ ತರುವಾಯ ಎದ್ದು ಕುಳಿತ ಹುಡುಗ, ಆ ಅಭ್ಯಾಸವನ್ನೇ ಇಲ್ಲಿಗೂ ಹೊತ್ತು ತಂದು, ದೀಪಾವಳಿಗೆ ಊರಿಗೆ ಬರುವಷ್ಟರಲ್ಲಿ ಅರ್ಧ ಆಟವನ್ನು ಸೋತಿರುತ್ತಾನೆ. ಈ ಸೋಲಿನಲ್ಲಿ ಮಾಧ್ಯಮದ ಪಾತ್ರವೇನೂ ಇಲ್ಲ.

ಮೊದಲ ತಿಂಗಳು ವೇಗವಾದ ಇಂಗ್ಲಿಷ್ ಉಪನ್ಯಾಸ ಕಿವಿಗೆ ಕಠಿಣವಾಗಿಯೇ ಇರುವುದು; ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಆ ಕಷ್ಟ ತಾನಾಗಿ ಕರಗುವಂಥದು. ಊರ ಜನ ಕಿವಿಯಲ್ಲಿ ತುಂಬಿ ಕಳಿಸಿದ ಭಯ ಕರಗುವುದಿಲ್ಲ. ತನ್ನ ಸಂಶಯವನ್ನು ಕೇಳಿದರೆ ಭಾಷೆ ಬಯಲಾದೀತೆಂದು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತು, ಸಂಜೆ ಲೆಕ್ಕ ಬಿಡಿಸಬೇಕಾದ ಹೊತ್ತಿನಲ್ಲಿ ತಂದೆಯ ಹಣ ತೆತ್ತು ಸ್ಪೋಕನ್ ಇಂಗ್ಲಿಷ್ ತರಗತಿಗೆ ಹೋಗಿ, ಕಡೆಗೆ ಗಣಿತದಲ್ಲಿ ಅನುತ್ತೀರ್ಣನಾಗಿ ಬಂದ ಹುಡುಗನನ್ನು ಕಂಡು "ನಾವು ಅಂದಿರಲಿಲ್ಲೇನ್ರಿ, ಇಂಗ್ಲೀಷು!" ಎಂದು ತಲೆದೂಗುವವರಿಗೆ, ಆ ರೋಗವನ್ನು ತಾವೇ ಅಂಟಿಸಿದೆವೆಂಬುದು ಹೊಳೆಯುವುದೇ ಇಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪಕ್ಷದ ಕನ್ನಡಾಭಿಮಾನಿಗಳಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ನಮ್ಮ ಶಾಂತೇಶ್ವರ ದೇವಾಲಯವನ್ನು ಕಟ್ಟಿದ ಸ್ಥಪತಿಗಳಿಗೆ ಇಂಗ್ಲಿಷ್ ಬರುತ್ತಿತ್ತೇ ಎಂದು ಅವರು ಕೇಳುತ್ತಾರೆ. ಬರುತ್ತಿರಲಿಲ್ಲ, ನಿಜ, ಆದರೆ ಆ ಸ್ಥಪತಿಗಳ ಕೀರ್ತಿಯಿಂದ ಇಂದಿನ ಹುಡುಗನ ಅವಕಲ ಸಮೀಕರಣ ಬಿಡಿಸಿಕೊಳ್ಳುವುದಿಲ್ಲ. ಕನ್ನಡದಲ್ಲೇ ಇಂಜಿನಿಯರಿಂಗ್ ಕಲಿಸಲು 2021ರಲ್ಲಿ ಭಾಲ್ಕಿಯ ಕಾಲೇಜೊಂದಕ್ಕೆ ಅನುಮತಿ ದೊರೆತಾಗ ಸೇರುವವರ ಅಭಾವವೇ ಎದುರಾಯಿತೆಂಬುದನ್ನು ಈ ಅಭಿಮಾನಿಗಳು ನೆನೆಯುವುದು ಲೇಸು.

ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಡ. ಮೊದಲ ಸೆಮಿಸ್ಟರಿನ ವಿಷಯಗುಂಪುಗಳಲ್ಲಿ ಕೆಮಿಸ್ಟ್ರಿ ಸೈಕಲ್ ಸಿಕ್ಕವನು ಪುಣ್ಯವಂತ, ಫಿಸಿಕ್ಸ್ ಸೈಕಲ್ ಸಿಕ್ಕವನು ಪಾಪಿ ಎಂಬವರಿಗೆ, ಮುಂದಿನ ಸೆಮಿಸ್ಟರಿನಲ್ಲಿ ಇಬ್ಬರೂ ಅದಲುಬದಲಾಗುವರೆಂಬುದೇ ಸಾಕಾದ ಸಮಾಧಾನ. ರ‍್ಯಾಗಿಂಗಿನಿಂದ ಹುಡುಗ ಗಟ್ಟಿಯಾಗುತ್ತಾನೆಂಬುದು ಶುದ್ಧ ಮೌಢ್ಯ. ಅದು 1983ರ ಕರ್ನಾಟಕ ಶಿಕ್ಷಣ ಕಾಯಿದೆಯಂತೆ ದಂಡನಾರ್ಹ ಅಪರಾಧ. ಕನ್ನಡ ಮಾಧ್ಯಮದವರಿಗಿರುವ ಶೇಕಡಾ 5ರ ಮೀಸಲು, ಗ್ರಾಮೀಣರಿಗಿರುವ ಶೇಕಡಾ 15ರ ಮೀಸಲು ದಾನದ ಸೀಟುಗಳೆಂಬವರು, ಅವಕ್ಕೂ ಸಿ.ಇ.ಟಿ. ರ‍್ಯಾಂಕೇ ಆಧಾರವೆಂಬುದನ್ನು ತಿಳಿದುಕೊಳ್ಳಲಿ.

ನಮ್ಮ ಜನರ ಇಂತಹ ನಂಬಿಕೆಗಳು ಸಾಯುವುದಿಲ್ಲ. ಬಲಿಯನ್ನು ಮಾತ್ರ ಬದಲಾಯಿಸುತ್ತವೆ. ಇದೇ ಸೀಮೆಯ ಶಿಗ್ಗಾವಿಯಲ್ಲಿ 1950ರಲ್ಲಿ ಜನಿಸಿದ ಸುಧಾ ಮೂರ್ತಿಯವರು 1968ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿಗೆ ಸೇರಲು ಹೊರಟಾಗ, ಹೆಣ್ಣಿಗೆ ಇಂಜಿನಿಯರಿಂಗ್ ದಕ್ಕದೆಂದು ಬಂಧುಬಳಗವೆಲ್ಲ ಇಷ್ಟೇ ನಿಶ್ಚಯದಿಂದ ನುಡಿದಿತ್ತು. 599 ಹುಡುಗರ ನಡುವೆ ಏಕಾಕಿಯಾಗಿ ಓದಿದ ಆ ಮೊದಲ ದಿನಗಳನ್ನು ಅವರೇ ಬರೆದಿದ್ದಾರೆ. ಇಂದು ಅದೇ ಮಾತನ್ನು ಹೆಣ್ಣುಮಕ್ಕಳ ವಿಷಯದಲ್ಲಿ ಆಡಲು ನಾಚುವವರು, ಕನ್ನಡ ಶಾಲೆಯ ಮಕ್ಕಳ ವಿಷಯದಲ್ಲಿ ಆಡಲು ನಾಚುವುದಿಲ್ಲ.

ಆದುದರಿಂದ ತಿಳವಳ್ಳಿಯ ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮಗನೋ ಮಗಳೋ ರಜೆಗೆ ಬಂದಾಗ ಇಂಗ್ಲಿಷ್ ಬಂತೇನೆಂದು ಕೇಳಬೇಡಿರಿ, ಮೊದಲ ಇಂಟರ್ನಲ್ಸಿನಲ್ಲಿ ಗಣಿತಕ್ಕೆ ಎಷ್ಟು ಬಂತೆಂದು ಕೇಳಿರಿ.